ಹೆಬ್ಬೆರಳು ಎದ್ದ ವರ್ಷ

ಹೋದ ವಾರ ಪೂರ್ವಿ ಸೈಕಲ್ಲಿನಿಂದ ಬಿದ್ದು ಮೊಣಕೈ ತರಚಿಕೊಂಡಾಗ ನಾನೇ ಅವಳನ್ನು ಚಿಕ್ಕರಸಿನಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಸೂಜಿ ಹಾಕಲೆಂದು ಹತ್ತಿಗೆ ಸ್ಪಿರಿಟ್ ಅದ್ದಿ ಅವಳ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲಿನ ಹೆಬ್ಬೆರಳು ತಾನೇ ತಾನಾಗಿ ಮೇಲೆದ್ದು ನಿಂತಿತು. ಪೂರ್ವಿ ಅಳುವುದನ್ನೇ ಮರೆತು, "ಅಜ್ಜಿ, ನಿನ್ ಬೆರಳ್ಯಾಕೆ ಹಂಗ್ ನಿಂತ್ಕೊಳ್ತು?" ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದಳು. "ನಮ್ಮೂರತ್ರಾನೇ ಇಷ್ಟೊಂದು ಕೋಳಿ ಅಂಗ್ಡಿ ಇದ್ರೂ ನೀನ್ಯಾಕೆ ಮಳವಳ್ಳಿವರ್ಗೂ ಹೋಗಿ ಕೋಳಿ ತರ್ತೀಯ?"

ಎರಡು ಪ್ರಶ್ನೆಗೂ ಉತ್ತರ ಒಂದೇ. ಆದರೆ ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ನಿಮ್ಮ ತಾತನ ಎದುರಿಗೂ ಕಾಲು ಚಾಚಿ ಕೂತವಳಲ್ಲ ನಾನು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದ್ದೇನೆ, ಅಕ್ಷರ ಇನ್ನೂ ದುಂಡಗಿದೆ. ಅದಕ್ಕೇ ಪೂರ್ವಿ, ಅವಳ ತಮ್ಮ ಧನು, ನಿಮ್ಮಿಬ್ಬರಿಗೂ ಸೇರಿಸಿ ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಇದು ನಡೆದಾಗ ಪೂರ್ವಿ ಅಂಗನವಾಡಿಗೆ ಹೋಗುತ್ತಿದ್ದಳು, ಧನು ತೊಟ್ಟಿಲಲ್ಲಿದ್ದ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಆಷಾಢದಲ್ಲಿ ನಾಲೆಗೆ ನೀರು ಬಿಟ್ಟರು, ಕೆರೆ ಕೆಳಗಿನ ಗದ್ದೆಗೆ ಕಬ್ಬು ಹಾಕಿದೆವು. ನಿಮ್ಮಪ್ಪ ಗೆಜ್ಜಲಗೆರೆ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದುದರಿಂದ ಆಳುಗಳ ಜೊತೆ ನಾನೂ ನನ್ನ ವಾರಗಿತ್ತಿ ಚಿಕ್ಕತಾಯಮ್ಮನೂ ಕೆಸರಿಗಿಳಿದು ಕಬ್ಬಿನ ತುಂಡು ಊರಿದೆವು. ಮೂರು ದಿನ ಜಡಿಮಳೆ. ನಾಲ್ಕನೇ ದಿನ ನನಗೆ ಜ್ವರ ಬಂತು.

ಜ್ವರ ಬಂದರೆ ನಮ್ಮೂರಿನವರು ಹೋಗುತ್ತಿದ್ದದ್ದು ಸೂಜಿ ಚಂದ್ರಣ್ಣನ ಬಳಿಗೆ. ಅವನು ಡಾಕ್ಟರಲ್ಲ. ಎಲ್ಲೋ ಒಬ್ಬ ಡಾಕ್ಟರ ಹತ್ತಿರ ನಾಲ್ಕು ವರ್ಷ ಕಾಂಪೌಂಡರಾಗಿದ್ದು, ಆಮೇಲೆ ನಮ್ಮೂರ ಬಸ್ ನಿಲ್ಲುವ ಜಾಗದ ಎದುರಿಗೆ ಒಂದು ಕೋಣೆ ಹಿಡಿದು, ಕಬ್ಬಿಣದ ಶಟರು ಹಾಕಿಸಿ ಕೂತವನು. ಮಾತ್ರೆ ಕೊಟ್ಟು ಕಳಿಸಿದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಸೂಜಿ ಚುಚ್ಚಿದರೇ ಅದು ಔಷಧಿ. ಚಂದ್ರಣ್ಣ ಬಂದವರಿಗೆಲ್ಲ ಚುಚ್ಚುತ್ತಿದ್ದ. ಹೆಂಗಸರಲ್ಲಿ ಅವನಿಗಿದ್ದ ಹೆಸರು ಬೇರೆ ಯಾವ ಡಾಕ್ಟರಿಗೂ ಇರಲಿಲ್ಲ. "ಚಂದ್ರಣ್ಣ ಮರ್ವಾದಸ್ತ ಕಣಮ್ಮ. ಸೀರೆ ಸರ್ಸೂ ಅನ್ನಕಿಲ್ಲ. ಮಕ ಅತ್ಲಾಗ್ ತಿರುಗಿಸ್ಕಂಡು ಚುಚ್ತಾನೆ," ಎಂದು ಕೊಂಡಾಡುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ಸೂಜಿ ಹಿಡಿದವನು ಮುಖ ಆ ಕಡೆ ತಿರುಗಿಸಿದರೆ ಸೂಜಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಒಬ್ಬಳಾದರೂ ಕೇಳಿದ್ದರೆ!

ಅವತ್ತು ಸ್ಪಿರಿಟ್ ವಾಸನೆ ತುಂಬಿದ ಅವನ ಕೋಣೆಯಲ್ಲಿ ಗೋಡೆ ಹಿಡಿದು ನಿಂತುಕೊಂಡೆ. ಅವನು ಎಂದಿನಂತೆ ಬಾಗಿಲ ಕಡೆ ನೋಡುತ್ತ, ಸೀರೆ ಲಂಗದ ಮೇಲಿಂದಲೇ ಬಲಗಡೆ ಚುಚ್ಚಿದ. ಕಾದ ಕಂಬಿಯೊಂದು ಕುಂಡಿಯಿಂದ ಹೊರಟು, ತೊಡೆಯ ಹಿಂಭಾಗದಲ್ಲೇ ಇಳಿದು, ಹೆಬ್ಬೆರಳಿನ ತುದಿಗೆ ಬಂದು ಚಿಮ್ಮಿತು. ಅಯ್ಯೋ ಎನ್ನಲೂ ನಾಚಿಕೆಯಾಗಿ ತುಟಿ ಕಚ್ಚಿಕೊಂಡೆ. ಒಂದು ಮಾತು ನೆನಪಿಟ್ಟುಕೊಳ್ಳಿ: ನಾನು ಅಲುಗಾಡಲಿಲ್ಲ.

"ಏನಿಲ್ಲ ಕಣಮ್ಮ, ಔಸ್ದಿ ಪವರ್ರು. ಒಂದರ್ಧ ಗಂಟೆ ಜೋಮು ಇರ್ತದೆ," ಎಂದ.

ಮನೆಯ ಹತ್ತಿರ ಬಂದಾಗ ಚಿಕ್ಕತಾಯಮ್ಮ ನನ್ನ ಕಾಲು ನೋಡಿ, "ಅಕ್ಕ, ಒಂದೆಕ್ಕಡ ಎಲ್ಲಿ?" ಎಂದಳು. ಬಲಗಾಲಿನ ಚಪ್ಪಲಿ ಯಾವಾಗ ಕಳಚಿಬಿತ್ತೋ ನನಗೆ ಗೊತ್ತೇ ಆಗಿರಲಿಲ್ಲ. ಪಾದ ಒದ್ದೆ ಬಟ್ಟೆಯಂತೆ ಕೆಳಕ್ಕೆ ಜೋತು ಬಿದ್ದಿತ್ತು. ಎತ್ತು ಎಂದರೆ ಏಳದು. ಅವಳು ಓಡಿ ಹೋಗಿ ಚಂದ್ರಣ್ಣನ ಬಾಗಿಲಲ್ಲೇ ಬಿದ್ದಿದ್ದ ಚಪ್ಪಲಿ ಹೆಕ್ಕಿ ತಂದಳು.

ಅರ್ಧ ಗಂಟೆ ಕಳೆಯಿತು, ಅರ್ಧ ತಿಂಗಳೂ ಕಳೆಯಿತು. ಪಾದ ಏಳಲಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ಉಜ್ಜಿ ರಕ್ತ ಬಂದರೂ ತಿಳಿಯುತ್ತಿರಲಿಲ್ಲ. ಉಜ್ಜಬಾರದೆಂದು ಮೊಣಕಾಲನ್ನು ಎತ್ತರಕ್ಕೆ ಎತ್ತಿ ಹೆಜ್ಜೆ ಇಡಬೇಕಾಗಿತ್ತು. ನಿಮ್ಮಪ್ಪ ಚಂದ್ರಣ್ಣನನ್ನು ಕೇಳಲು ಹೋದಾಗ ಅವನು ಅಂಗಡಿ ತುಂಬ ಇದ್ದ ಜನರ ಮುಂದೆ ಹೇಳಿದನಂತೆ: "ನಾನೇನ್ ಮಾಡ್ಲಪ್ಪ? ಚುಚ್ಚೋವಾಗ ನಿಮ್ಮವ್ವ ನುಲ್ಕೊಂಡ್ಳು. ಲಕ್ವ ಮೊದ್ಲೇ ಒಳ್ಗೇ ಕೂತಿತ್ತು, ನನ್ ಸೂಜಿ ಒಂದು ನೆಪ ಆಯ್ತು." ಅಷ್ಟಕ್ಕೇ ಬಿಡಲಿಲ್ಲ. ನಾನು ಬಸ್ಸಿಗೆ ಹೋಗುವುದನ್ನು ಕಂಡು ನನಗೊಂದು ಹೆಸರಿಟ್ಟ. ಕೊಕ್ಕರೆ ಕೆಂಪಮ್ಮ. ನಮ್ಮ ಕಡೆ ಕೊಕ್ಕರೆ ನಡೆಯುವುದನ್ನು ನೋಡದವರು ಯಾರಿದ್ದಾರೆ? ವಾರದೊಳಗೆ ಊರೆಲ್ಲ ಅದೇ ಹೆಸರು.

ನಿಮ್ಮಪ್ಪ ಮನೆಗೆ ಬಂದು, "ಬುಡವ್ವ, ಆಗಿದ್ದಾಯ್ತು. ಕರ್ದಾಗ ಬರೋ ಮನ್ಸ, ನಾಳೆ ಮಕ್ಕಳಿಗೆ ಏನಾರ ಆದ್ರೆ ಅವ್ನೇ ಬೇಕು," ಎಂದ. ನಾನು ಒಳಗೆ ಹೋದೆ. ಬಲಗಾಲಿನ ಆ ಚಪ್ಪಲಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟೆ. ಈ ಕಾಲು ಎದ್ದ ದಿನ ನನ್ನ ಪಾಡಿಗೆ ನಾನು ನಡೆದುಕೊಂಡು ಹೋಗಿ ಈ ಎಕ್ಕಡದಲ್ಲೇ ಅವನಿಗೆ ಹೊಡೆಯುತ್ತೇನೆ ಎಂದುಕೊಂಡೆ. ಎಕ್ಕಡ ತಗೊಂಡು ಹೊಡೀತೀನಿ ಎನ್ನುವ ಮಾತು ನಮ್ಮ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ನಾನು ಅದುವರೆಗೆ ಒಂದು ಸಲವೂ ಆಡಿದವಳಲ್ಲ. ಆಗಲೂ ಬಾಯಲ್ಲಿ ಆಡಲಿಲ್ಲ. ಮಾಡುವ ಮನಸ್ಸಿತ್ತು.

ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಭವ್ಯ ಎಂಬ ಹುಡುಗಿ ಸಿಕ್ಕಿದಳು. ಮಳವಳ್ಳಿ ಕಡೆಯವಳು, ನನ್ನ ತವರೂರಿನ ಪಕ್ಕದ ಊರು. ಚಿಕ್ಕತಾಯಮ್ಮನನ್ನು ಜೊತೆಗಿಟ್ಟುಕೊಂಡು ವಾರಕ್ಕೆರಡು ಸಲ, ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆವು. ಮೊದಲ ದಿನ ಭವ್ಯ ಕೇಳಿದಳು: "ಎಲ್ಲಿ ಚುಚ್ಚಿದ್ರು ಅಜ್ಜಿ?"

ನಾನು ತಲೆ ತಗ್ಗಿಸಿದೆ. ಚಿಕ್ಕತಾಯಮ್ಮ ತನ್ನ ಕುಂಡಿಯನ್ನೇ ತಟ್ಟಿ ತೋರಿಸಿ, "ಇಲ್ಲಿ ಕಣವ್ವ, ಅದೂ ಸೀರೆ ಮ್ಯಾಲಿಂದ. ಈವಮ್ಮನ ನಾಚ್ಕೆ ಸುಡ್ಲಿ!" ಎಂದಳು.

ಭವ್ಯ ಕಾಗದದ ಮೇಲೆ ಒಂದು ರೊಟ್ಟಿಯಂತೆ ಬರೆದು ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದಳು. "ನಾಲ್ಕು ಭಾಗ ಆಯ್ತಲ್ಲ ಅಜ್ಜಿ? ಕುಂಡಿಗೆ ಕೊಡೋದಾದ್ರೆ ಈ ಮೇಲಿನ ಹೊರಗಡೆ ಭಾಗ ಬಿಟ್ಟು ಮಿಕ್ಕಿದ್ದಕ್ಕೆ ಸೂಜಿ ಹಾಕಬಾರದು. ಕೆಳಗಡೆ ನಡುವೆ, ಇಲ್ಲಿ, ಕಾಲಿಗೆ ಹೋಗೋ ದೊಡ್ಡ ನರ ಇಳೀತದೆ. ನಿಮ್ಮ ಕಿರುಬೆರಳಿನಷ್ಟು ದಪ್ಪ. ಅವರು ಚುಚ್ಚಿರೋದು ಅದಕ್ಕೇ. ಮಲಗಿಸಿ, ಬಟ್ಟೆ ಸರಿಸಿ, ನೋಡಿ ಚುಚ್ಚಿದ್ರೆ ಹಿಂಗಾಗ್ತಿರಲಿಲ್ಲ."

"ನಾನು ಅಲುಗಾಡಿದ್ದಕ್ಕೆ ಹಿಂಗಾಯ್ತು ಅಂತಾನೆ ಅವ್ನು," ಎಂದೆ. ಅಪರಿಚಿತರ ಎದುರು ನಾನು ಆಡಿದ ಮೊದಲ ಪೂರ್ತಿ ಮಾತು ಅದು.

"ನೀವು ಅಲುಗಾಡಿದ್ರೂ ಇಲ್ಲದಿದ್ರೂ, ಸೂಜಿ ಅಲ್ಲಿಗೆ ಬರಬಾರದಾಗಿತ್ತು ಅಜ್ಜಿ."

ಆ ಮಾತು ಕೇಳಿ ನನಗೆ ಅಳು ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು, ಅದು ಸಿಟ್ಟು. ಅದುವರೆಗೆ ಎಲ್ಲೋ ಒಂದು ಮೂಲೆಯಲ್ಲಿ ನನ್ನದೇ ತಪ್ಪಿರಬಹುದೆಂಬ ಅನುಮಾನವಿತ್ತು. ಅವತ್ತು ಅದು ಹೋಯಿತು.

ಕಾಲಿನೊಳಗೆ ಏನಿದೆ ಎಂದು ನಾನು ಕಲಿತದ್ದು ಆ ವರ್ಷ. ಭವ್ಯ ಬೇಜಾರಿಲ್ಲದೆ ಹೇಳುವಳು. "ಕೋಳಿ ಬೇಯಿಸಿದ ಮೇಲೆ ಎಳೆ ಎಳೆಯಾಗಿ ಬಿಡಿಸ್ಕೊಳ್ಳಲ್ವಾ? ನಮ್ಮ ಸ್ನಾಯುನೂ ಹಂಗೇ. ಎಳೆಗಳ ಕಟ್ಟು, ಕಟ್ಟಿನ ಮೇಲೆ ಒಂದು ತೆಳು ಪೊರೆ. ಅಂಥ ಹತ್ತಾರು ಕಟ್ಟು ಸೇರಿ ಒಂದು ಹೊರೆ." ಕಬ್ಬಿನ ಹೊರೆ ಕಟ್ಟಿದವಳಿಗೆ ಅದು ಕೂಡಲೇ ಕಣ್ಣಿಗೆ ಕಟ್ಟಿತು. ಒಂದೊಂದು ಎಳೆಯೊಳಗೂ ಕಣ್ಣಿಗೆ ಕಾಣದ ಸಣ್ಣ ದಾರಗಳಿವೆಯಂತೆ, ದಪ್ಪವೊಂದು ಜಾತಿ, ತೆಳುವೊಂದು ಜಾತಿ. ಅವಳು ತನ್ನ ಎರಡು ಕೈಗಳ ಬೆರಳ ತುದಿಗಳನ್ನು ಎದುರುಬದುರು ಹಿಡಿದು ಒಂದರ ಸಂದಿಗೊಂದು ಜಾರಿಸಿದಳು. "ಬೆರಳು ಗಿಡ್ಡ ಆಯ್ತಾ? ಇಲ್ಲ. ಆದ್ರೆ ಕೈ ಎರಡೂ ಹತ್ತಿರ ಬಂದ್ವು. ಸ್ನಾಯು ಬಿಗಿಯೋದು ಹಿಂಗೇ." ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲವಂತೆ. ಮುಂಗಾಲಿನ, ಅಂದರೆ ಮೊಣಕಾಲಿನಿಂದ ಕೆಳಗೆ ಮುಂಭಾಗದ, ಮೂಳೆಯ ಪಕ್ಕದ ಸ್ನಾಯು ಪಾದವನ್ನು ಮೇಲಕ್ಕೆ ಎಳೆಯುತ್ತದೆ. ಹಿಂದಿನ ಮೀನಖಂಡ ಕೆಳಕ್ಕೆ ಎಳೆಯುತ್ತದೆ. ನನ್ನ ಮುಂದಿನದು ಸುಮ್ಮನಾಗಿತ್ತು, ಹಿಂದಿನದು ಒಂದೇ ಎಳೆಯುತ್ತಿತ್ತು.

"ಹಂಗಾರೆ ಮೋಟ್ರು ಸುಟ್ಟಿಲ್ಲ, ವೈರು ಕಡ್ದೋಗದೆ ಅನ್ನು," ಎಂದೆ.

ಭವ್ಯ ಜೋರಾಗಿ ನಕ್ಕಳು. "ಅಷ್ಟೇ ಅಜ್ಜಿ! ಸ್ನಾಯುವಿಗೆ ಬಿಗಿ ಅಂತ ಹೇಳೋದೇ ನರ. ಒಂದು ನರದ ಎಳೆ ಕವಲೊಡೆದು ನೂರಾರು ಸ್ನಾಯುವಿನ ಎಳೆಗೆ ಹೋಗ್ತದೆ. ಅದು ಸುಮ್ಮನಾದ್ರೆ ಅವೆಲ್ಲ ಸುಮ್ಮನೆ."

"ವೈರು ಕಟ್ಟಕ್ಕಾಗಲ್ವ?"

"ತಾನೇ ಬೆಳೀಬೇಕು. ತಿಂಗಳಿಗೆ ಹೆಚ್ಚುಕಮ್ಮಿ ಒಂದಿಂಚು. ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಕೆಲವರಿಗೆ ಬರೋದೇ ಇಲ್ಲ, ಸುಳ್ಳು ಹೇಳಲ್ಲ ನಾನು. ಬರೋವರ್ಗೂ ಮೋಟ್ರು ತುಕ್ಕು ಹಿಡೀಬಾರದು. ಅದಕ್ಕೇ ಈ ಮಿಷಿನ್ನಲ್ಲಿ ಕರೆಂಟು ಕೊಟ್ಟು ಕುಣಿಸ್ತಾ ಇರೋಣ."

ಮನೆಗೆ ಬಂದು ಕಪ್ಪು ದಾರ ತೆಗೆದುಕೊಂಡು, ಚುಚ್ಚಿದ ಜಾಗದಿಂದ ಮೊಣಕಾಲಿನ ಹೊರಪಕ್ಕದ ಮೂಳೆಯವರೆಗೆ ಚಿಕ್ಕತಾಯಮ್ಮನ ಕೈಲಿ ಅಳೆಸಿದೆ. ಧನುವಿನ ಅಂಗಿ ಹೊಲಿಯಲು ತಂದಿದ್ದ ಟೇಪಿನಲ್ಲಿ ಹದಿನಾಲ್ಕು ಇಂಚು ಬಂತು. ಗದ್ದೆಯ ಕಬ್ಬಿಗೂ ಅಷ್ಟೇ ತಿಂಗಳು. ತಿಂಗಳು ತುಂಬಿದಾಗೆಲ್ಲ ದಾರಕ್ಕೆ ಒಂದು ಗಂಟು ಹಾಕಿದೆ. ಕಬ್ಬು ಮೊಣಕಾಲುದ್ದ ಬಂತು, ಸೊಂಟದುದ್ದ ಬಂತು. ನಾನು ಕಾಲಿನ ಹಿಂಭಾಗವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. ನರದ ತುದಿ ಎಲ್ಲಿಗೆ ಬಂದಿದೆಯೋ ಅಲ್ಲಿ ತಟ್ಟಿದರೆ ಇರುವೆ ಹರಿದ ಹಾಗಾಗುತ್ತದೆ ಎಂದಿದ್ದಳು ಭವ್ಯ. ಮೂರನೇ ಗಂಟಿಗೆ ಇರುವೆ ತೊಡೆಯಲ್ಲಿತ್ತು. ಏಳನೇ ಗಂಟಿಗೆ ಮೊಣಕಾಲ ಸಂದಿಗೆ ಹತ್ತಿರ, ಲೆಕ್ಕಕ್ಕಿಂತ ಮುಂದೆಯೇ. ಪ್ರತಿ ಗಂಟಿಗೂ ಟ್ರಂಕು ತೆಗೆದು ಚಪ್ಪಲಿಯನ್ನು ಮುಟ್ಟಿ ನೋಡುತ್ತಿದ್ದೆ.

"ಪಾದ ಏಳದಿದ್ರೂ ಪರವಾಗಿಲ್ಲ, ಎತ್ತುತ್ತಾ ಇದೀನಿ ಅಂತ ಮನಸ್ಸಲ್ಲೇ ಗಟ್ಟಿಯಾಗಿ ಅಂದ್ಕೊಳಿ," ಎನ್ನುತ್ತಿದ್ದಳು ಭವ್ಯ. ನಾನು ಕಣ್ಣುಮುಚ್ಚಿ ಚಂದ್ರಣ್ಣನ ಮುಖವನ್ನೂ ಅವನ ಕೋಣೆಯ ಸ್ಪಿರಿಟ್ ವಾಸನೆಯನ್ನೂ ಎದುರಿಗಿಟ್ಟುಕೊಂಡು ಎತ್ತುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟಳು. "ಏನ್ ನೆನೆಸ್ಕೋತೀರ ಅಜ್ಜಿ? ಮುಖ ಎಲ್ಲ ಕೆಂಪಾಗ್ತದೆ."

"ವೈದ್ಯನಾಥೇಸ್ವರನ್ನ," ಎಂದೆ.

ಚಿಕ್ಕತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಎದ್ದು ಹೋದಳು. ಆ ದೇವರಿಗೆ ತಪ್ಪುಕಾಣಿಕೆಯನ್ನು ಆಮೇಲೆ ವೈದ್ಯನಾಥಪುರಕ್ಕೇ ಹೋಗಿ ಹಾಕಿ ಬಂದೆ.

ಹನ್ನೊಂದನೇ ಗಂಟು ಹಾಕಿ ನಾಲ್ಕು ದಿನವಾಗಿತ್ತು. ಹಜಾರದಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ಆ ವರ್ಷ ಕಾಲು ಚಾಚಿ ಕೂರುವುದಕ್ಕೆ ನಾಚಿಕೆ ಬಿಟ್ಟಿತ್ತು. ಬೀದಿಯಲ್ಲಿ ಯಾರೋ "ಕೊಕ್ಕರೆ ಮನೆ ಯಾವ್ದು?" ಎಂದು ಕೇಳಿದ್ದು ಕಿವಿಗೆ ಬಿತ್ತು. ಮೈಯೆಲ್ಲ ಉರಿಯಿತು. ಆಗ ಮುಂಗಾಲಿನ ಚರ್ಮದ ಕೆಳಗೆ ಏನೋ ಮಿಡುಕಿತು, ಕೆರೆಯ ನೀರೊಳಗೆ ಮೀನು ಹೊರಳಿದ ಹಾಗೆ. ಇನ್ನೊಮ್ಮೆ ಎತ್ತು ಎಂದುಕೊಂಡೆ. ಇನ್ನೊಮ್ಮೆ ಮಿಡುಕಿತು.

"ಚಿಕ್ತಾಯಿ!" ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವಳು ಓಡಿಬಂದು ಬಗ್ಗಿ ನೋಡಿ, "ಆಡ್ತು ಕಣಕ್ಕ, ಆಡ್ತು! ಅವ್ನ ಮನೆ ಆಳಾಗ, ಕಾಲಾಡ್ತು!" ಎಂದು ಮೊರವನ್ನೇ ಎತ್ತಿ ಕುಣಿದಳು. ರಾಗಿಯೆಲ್ಲ ಹಜಾರದ ತುಂಬ ಚೆಲ್ಲಿತು.

ಅಲ್ಲಿಂದ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಎತ್ತಿದೆ. ಮೊದಲು ಹೆಬ್ಬೆರಳು, ಆಮೇಲೆ ಪಾದ. ಸ್ನಾಯು ಸೊರಗಿ ಬಡಕಲಾಗಿತ್ತು, ಬೇಗ ದಣಿಯುತ್ತಿತ್ತು. ಹದಿನಾಲ್ಕನೇ ಗಂಟಿನ ವಾರದಲ್ಲೇ ಗದ್ದೆಗೆ ಕಬ್ಬು ಕಡಿಯುವವರು ಬಂದರು. ಅವರಿಗೆ ತಿಂಡಿ ಕೊಟ್ಟು, ಕೈ ತೊಳೆದು, ಟ್ರಂಕಿನಿಂದ ಚಪ್ಪಲಿ ತೆಗೆದು ಹಾಕಿಕೊಂಡೆ. ಹೊಸಲು ದಾಟಿದೆ. ಬೀಳಲಿಲ್ಲ. ಬೀದಿಯ ಕೊನೆಯವರೆಗೆ ನಡೆದೆ. ಬೀಳಲಿಲ್ಲ.

"ಎಲ್ಲಿಗಕ್ಕ?" ಎಂದಳು ಚಿಕ್ಕತಾಯಮ್ಮ. ನನ್ನ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು.

ಚಂದ್ರಣ್ಣನ ಕೋಣೆಯ ಬೆಂಚಿನ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಮೂಲೆಮನೆಗೆ ಹೊಸದಾಗಿ ಬಂದಿದ್ದ ಸೊಸೆ ಗೋಡೆ ಹಿಡಿದು ನಿಂತಿದ್ದಳು, ನಾನು ನಿಂತಿದ್ದ ಜಾಗದಲ್ಲೇ. ಅವನು ಸೂಜಿ ಎತ್ತಿ ಹಿಡಿದು, ಮುಖ ಬಾಗಿಲ ಕಡೆ ತಿರುಗಿಸಿದ್ದ. ತಿರುಗಿಸಿದ್ದರಿಂದಲೇ ಮೊದಲು ಕಂಡದ್ದು ನಾನು.

"ಓಹೋ ಕೆಂಪಮ್ಮ! ಕಾಲು ನೆಟ್ಗಾಯ್ತಾ? ನಾ ಹೇಳ್ಲಿಲ್ವಾ, ಜೋಮು ಅಂತ?" ಎಂದು ನಕ್ಕ. ನಗುತ್ತಲೇ ಸೂಜಿಯನ್ನು ಆ ಹುಡುಗಿಯ ಸೀರೆಯ ಹತ್ತಿರ ತಂದ.

ಚಪ್ಪಲಿ ಕೈಗೆ ಬಂದದ್ದು ನನಗೆ ಗೊತ್ತಿಲ್ಲ. ಅವನ ಕೆನ್ನೆಗೆಂದು ಹದಿನಾಲ್ಕು ತಿಂಗಳು ಇಟ್ಟುಕೊಂಡಿದ್ದ ಏಟನ್ನು ಸೂಜಿ ಹಿಡಿದ ಕೈಗೆ ಹೊಡೆದೆ. ಸೂಜಿ ಹಾರಿ ಬೆಂಚಿನ ಕೆಳಗೆ ಬಿತ್ತು. ಎರಡನೇ ಏಟು ಕೆನ್ನೆಗೇ ಬಿತ್ತು. ಅದಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ.

"ಲೇ, ಹುಚ್ಚಿ! ಹಿಡ್ಕಳ್ರೋ ಇವ್ಳ!" ಎಂದ.

"ನರ ಎಲ್ಲದೆ ತೋರ್ಸು," ಎಂದೆ. "ಈ ಮಗೀಗೆ ಚುಚ್ಚಕೋದ್ಯಲ್ಲ, ನರ ಎಲ್ಲಿ ಇಳೀತದೆ? ಎಲ್ರ ಮುಂದೆ ತೋರ್ಸು."

ಅವನು ಗೋಡೆಯ ಕ್ಯಾಲೆಂಡರು ನೋಡಿದ, ನೆಲ ನೋಡಿದ. "ಅದು... ಒಳ್ಗಡೆ ಇರ್ತದೆ."

ಬೆಂಚಿನ ಮೇಲಿದ್ದ ಒಬ್ಬಳು ಹಲ್ಲು ಕಿರಿದಳು. ಇನ್ನೊಬ್ಬಳು, "ಒಳ್ಗಡೆ ಅಂತ ನಂಗೂ ಗೊತ್ತು ಕಣಣ್ಣ. ಎಲ್ಲಿ?" ಎಂದಳು. ಇಷ್ಟು ವರ್ಷ ಊರಿನ ಅಷ್ಟೂ ಹೆಂಗಸರಿಗೆ ಚುಚ್ಚಿದವನಿಗೆ ಗೊತ್ತಿರಲಿಲ್ಲ.

ಆಗ ನಾನು ಮಾಡಿದ್ದು ನನ್ನ ಬದುಕಿನಲ್ಲೇ ಕಷ್ಟದ ಕೆಲಸ. ಆ ಹೆಂಗಸರಿಗೆ ಬೆನ್ನು ತಿರುಗಿಸಿ ನಿಂತು, ನನ್ನ ಕುಂಡಿಯ ಮೇಲೆ ನನ್ನದೇ ಕೈಯಿಂದ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ತೋರಿಸಿದೆ. "ನಾಕು ಭಾಗ. ಮ್ಯಾಗಡೆ, ಹೊರಗಡೆ, ಇದೊಂದೇ ಜಾಗ. ನರ ಇಲ್ಲಿ ಇಳೀತದೆ. ಮಲಗ್ಸಿ, ಸೀರೆ ಸರ್ಸಿ, ಕಣ್ಬುಟ್ಟು ನೋಡಿ ಚುಚ್ಬೇಕು. ಮಕ ತಿರುಗಿಸ್ಕಂಡು ಚುಚ್ಚೋದು ಮರ್ವಾದೆ ಅಲ್ಲ ಕಣ್ರವ್ವ. ಅದಕ್ಕೇ ನಾನು ಕೊಕ್ಕರೆ ಆಗಿದ್ದು."

ಮೂಲೆಮನೆ ಸೊಸೆ ಸೀರೆ ಸರಿಮಾಡಿಕೊಂಡು ಹೊರಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬೆಂಚು ಖಾಲಿಯಾಯಿತು. ನಾನು ಬಿಡಲಿಲ್ಲ. ಮಾರನೆಯ ದಿನದಿಂದ ಅವನ ಎದುರಿನ ಅರಳೀಕಟ್ಟೆಯ ಮೇಲೆ ಹೋಗಿ ಕೂತೆ. ಜ್ವರವೆಂದು ಯಾರು ಬಂದರೂ ಕರೆದು ಗೆರೆ ಎಳೆದು ತೋರಿಸಿದೆ. ಮದ್ದೂರಿನ ಆರೋಗ್ಯ ಇಲಾಖೆ ಕಚೇರಿಗೆ ನನ್ನ ಕೈಯಾರೆ ಅರ್ಜಿ ಬರೆದೆ. ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಹೆಬ್ಬೆಟ್ಟೋ ರುಜುವೋ ಹಾಕಿದರು. ಕಚೇರಿಯವರು ಬಂದು ಶಟರಿಗೆ ಬೀಗ ಹಾಕಿ ಅರಗು ಒತ್ತಿ ಹೋದರು. ಚಂದ್ರಣ್ಣ ಊರು ಬಿಟ್ಟ.

ಆರು ತಿಂಗಳ ಮೇಲೆ ಚಿಕ್ಕತಾಯಮ್ಮ ಸುದ್ದಿ ತಂದಳು. "ಮಳವಳ್ಳಿ ರೋಡಲ್ಲಿ ಕೋಳಿ ಅಂಗ್ಡಿ ಇಟ್ಟವ್ನಂತೆ ಕಣಕ್ಕ. ಅಲ್ಲಾರ ಮಾಂಸ ಯಾವ್ದು ನರ ಯಾವ್ದು ಅಂತ ಕಲ್ತ್ಕಳ್ಲಿ!"

ತವರಿಗೆ ಹೋಗುವ ನೆಪ ಹೇಳಿ ಆ ಭಾನುವಾರವೇ ಬಸ್ಸು ಹತ್ತಿದೆ. ನನ್ನನ್ನು ಕಂಡು ಅವನ ಕೈಯ ಕತ್ತಿ ನಿಂತಿತು.

"ಏನ್ ಬೇಕು?" ಎಂದ.

"ಕಾಲು. ಬಲಗಾಲು. ತೊಡೆ ನಿದಾನಕ್ಕೆ ಬುಡ್ಸು."

ಬಿಡಿಸಿದ. ಎರಡು ಸ್ನಾಯುಗಳ ನಡುವೆ ಬೆಳ್ಳಗೆ ಒಂದು ದಾರ ಮಲಗಿತ್ತು. "ಇದು ಕಣಪ್ಪ ನರ," ಎಂದು ಬೆರಳಿಟ್ಟು ತೋರಿಸಿದೆ. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಬಲಗಾಲಿಟ್ಟು ಹೆಬ್ಬೆರಳು ಎತ್ತಿದೆ. ಅವನು ಅದನ್ನು ನೋಡುವವರೆಗೂ ಇಳಿಸಲಿಲ್ಲ.

ಅಲ್ಲಿಂದ ತಿಂಗಳಿಗೊಂದು ಭಾನುವಾರ ತಪ್ಪಿಸಿಲ್ಲ. ಈಗ ನಾನು ಕೇಳುವುದೂ ಬೇಕಿಲ್ಲ. ಬಸ್ಸಿನಿಂದ ಇಳಿಯುವುದನ್ನು ಕಂಡರೆ ಸಾಕು, ಬಲಗಾಲು ತೆಗೆದು, ಬಿಳಿ ದಾರ ಬಿಡಿಸಿ ಇಟ್ಟು, ನಾನು ತಲೆಯಾಡಿಸುವವರೆಗೆ ಕಾಯುತ್ತಾನೆ. ನೀವಿಬ್ಬರೂ ತಟ್ಟೆ ನೆಕ್ಕಿ ಉಣ್ಣುವ ಸಾರು ಆ ಕೋಳಿಯದೇ. ನಿಮ್ಮಪ್ಪ ಈಗಲೂ, "ಸಾಕು ಬುಡವ್ವ," ಎನ್ನುತ್ತಾನೆ. ನನಗೆ ಇನ್ನೂ ಸಾಕಾಗಿಲ್ಲ. ಬರುವ ಭಾನುವಾರ ಪೂರ್ವಿಯನ್ನೂ ಕರೆದುಕೊಂಡು ಹೋಗುತ್ತೇನೆ. ನರ ಎಂದರೆ ಹೇಗಿರುತ್ತದೆ ಎಂದು ಅವಳೂ ನೋಡಿಕೊಳ್ಳಲಿ. ತೋರಿಸುವವನು ಅವನೇ.